ಅರ್ಧ ದೋಣಿ

“ಝಿಯಾದ್, ನಾವು ಮಾರಿದ ದೋಣಿ ಅರ್ಧ ರೋಸಲಿನ್ ಬಾಯಿಯದ್ದಂತೆ! ಬಾಪ ನಿನ್ನೆ ಅವರಿಗೆ ಚೆಕ್ ಕೊಟ್ಟಿದ್ದಾರಂತೆ!”

ತೀರಿಕೊಂಡ ಬಾಪನ ಮಯ್ಯತ್ ತೊಳೆಯಲು ನೀರು ಹೊರುತ್ತಿದ್ದ ಝಿಯಾದ್ ಕೊಡಪಾನ ಕೆಳಗಿಟ್ಟ. “ಎಂತ ಹೇಳ್ತೀ? ಯಾರು ಹೇಳಿದ್ದು?”

“ಅವರೇ. ಚೆಕ್ ವಾಪಸಾಯಿತಂತೆ, ಅವರಿಗೆ ಈಗಷ್ಟೇ ಮೆಸೇಜು ಬಂತಂತೆ,” ಎಂದಳು ಅಕ್ಕ ನುಸೈಬಾ.

ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಜನಾರ್ದನ ತಲೆಯೆತ್ತಿದರು. ನೆರೆಮನೆಯವರು, ಝಿಯಾದನ ಬಾಪ ಪುತ್ತುಬ್ಬರ ಖಾತೆಯಿದ್ದ ಬ್ಯಾಂಕಿಗೆ ಮ್ಯಾನೇಜರು. ಪುತ್ತುಬ್ಬ ತೀರಿಕೊಂಡರು, ಬರುವುದು ತಡ ಎಂದು ಬೆಳಿಗ್ಗೆ ಬ್ಯಾಂಕಿಗೆ ಫೋನು ಮಾಡಿದ್ದರು.

“ಅಯ್ಯೋ, ನನ್ನ ಫೋನಿನಿಂದಲೇ ಆದದ್ದು! ಖಾತೆಯವರು ಸತ್ತದ್ದು ಗೊತ್ತಾದ ಮೇಲೆ ಅವರ ಚೆಕ್ಕಿಗೆ ನಾವು ಹಣ ಕೊಡುವ ಹಾಗಿಲ್ಲ.”

ರೋಸಲಿನ್ ಬಾಗಿಲಿಗೆ ಬಂದರು. “ನನ್ನ ಬ್ಯಾಂಕಿನವರು ಚೆಕ್ ತಗೊಂಡಿದ್ದಾರಲ್ಲ? ಅವರು ಕೊಡಲಿ!”

“ಅವರು ನಿಮ್ಮ ಪರವಾಗಿ ನಮ್ಮಲ್ಲಿ ಕೇಳುವವರು ಮಾತ್ರ, ರೋಸಲಿನ್ ಬಾಯಿ. ತಮ್ಮ ಕೈಯಿಂದ ಹಣ ಹಾಕುವುದಿಲ್ಲ.”

“ಸ್ವಲ್ಪ ತಡೆದು ಫೋನು ಮಾಡಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು? ನಾಡಿದ್ದು ಮಣಿಪಾಲದಲ್ಲಿ ಲೀನಾಳ ಫೀಸು ಕಟ್ಟಲಿಕ್ಕುಂಟು. ಮಗಳಿಗೆ ಎಂತ ಹೇಳಲಿ?”

ಜನಾರ್ದನ ಕೈಯಲ್ಲಿದ್ದ ಕುರ್ಚಿಯನ್ನು ಅವರ ಮುಂದಿಟ್ಟರು. ಬಾಪನ ತಮ್ಮ ಶಾಹುಲ್ ಹಮೀದ್ ಝಿಯಾದನನ್ನು ಪಕ್ಕಕ್ಕೆ ಎಳೆದರು. “ಸುಮ್ಮನಿರು ಮಾರಾಯ. ಕಾಗದದಲ್ಲಿ ದೋಣಿ ನಿನ್ನ ಬಾಪನದ್ದೇ.”

* * *

ಹಿಂದಿನ ದಿನ ಪುತ್ತುಬ್ಬ ಹೊಳೆಬದಿಯ ರೋಸಲಿನ್ ಮನೆಯ ಜಗಲಿಯಲ್ಲಿ ಕೂತು ಚೆಕ್ಕಿಗೆ ಸೈನು ಹಾಕಿದ್ದರು.

“ನಾನು, ನಿಮ್ಮ ಲಿಗೋರಿ ಒಟ್ಟಿಗೆ ತಗೊಂಡ ದೋಣಿ. ಅವನಿಗೆ ಆಫೀಸು ಸುತ್ತುವುದೆಂದರೆ ಉದಾಸೀನ, ಅದಕ್ಕೆ ಕಾಗದದಲ್ಲಿ ನನ್ನ ಹೆಸರು ಹಾಕಿಸಿದ.”

“ಮಕ್ಕಳಿಗೆ ಹೇಳಿದ್ದೀರಾ?”

“ಹೇಳ್ತೇನೆ. ಮೊದಲು ಒಂದು ಚಾ ಕೊಡಿ. ಸಕ್ಕರೆ ಹಾಕಿ, ಬೈಯಲಿಕ್ಕೆ ಹೆಂಡತಿ ಇಲ್ಲಿಲ್ಲ.”

* * *

ರೋಸಲಿನ್ ಗಂಡ ಲಿಗೋರಿ ಸತ್ತ ಮೇಲೂ ಹಿಡಿದ ಮೀನಿನಲ್ಲಿ ಅರ್ಧ ಆ ಮನೆಗೆ ಹೋಗುತ್ತಿತ್ತು. ಬುಟ್ಟಿ ಹೊತ್ತವನು ಝಿಯಾದನೇ. ಬಾಪ ಪಾಪದವರಿಗೆ ಕೊಡುವ ಧರ್ಮ ಎಂದೇ ಅವನು ತಿಳಿದಿದ್ದ.

ಮಸೀದಿಯಲ್ಲಿ ಮಯ್ಯತ್ ನಮಾಝಿಗೆ ಮೊದಲು ಸತ್ತವರ ಸಾಲದ ಬಗ್ಗೆ ವಾರಸುದಾರ ಹೇಳಬೇಕಾದ ಮಾತಿಗೆ ಅವನು ಮುಂದೆ ಬಂದ. “ನನ್ನ ಬಾಪ ಯಾರಿಗಾದರೂ ಕೊಡಲಿಕ್ಕಿದ್ದರೆ ನನ್ನಲ್ಲಿ ಕೇಳಿ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಶಾಹುಲ್ ಹಮೀದ್ ಅವನ ಅಂಗಿಯ ತೋಳು ಹಿಡಿದರು.

“ರೋಸಲಿನ್ ಬಾಯಿಗೆ ಅರ್ಧ ದೋಣಿಯ ಹಣ ಕೊಡಲಿಕ್ಕುಂಟು,” ಎಂದ ಝಿಯಾದ್. ಅವನು ಹೊರಗೆ ನಿಂತಿದ್ದ ಜನಾರ್ದನರ ಕಡೆ ತಿರುಗಿದ. “ಜನಾರ್ದನಣ್ಣ, ಅವರಿಗೆ ಹೇಳಿ. ನಾಳೆ ಹತ್ತು ಗಂಟೆಗೆ ನಿಮ್ಮ ಬ್ಯಾಂಕಿನಲ್ಲಿ ಸಿಕ್ಕುವ. ಫೀಸು ನನ್ನ ಖಾತೆಯಿಂದ ಕಟ್ಟುವ, ಉಳಿದದ್ದು ಬಾಪನ ಖಾತೆ ಬಿಡಿಸಿದ ಮೇಲೆ.”

ಇಮಾಮರು ‘ಅಲ್ಲಾಹು ಅಕ್ಬರ್’ ಎಂದು ನಮಾಝ್ ಶುರುವಿನ ತಕ್ಬೀರ್ ಹೇಳಿದರು. ಎರಡೂ ಕೈ ಕಿವಿಯವರೆಗೆ ಎತ್ತಬೇಕಾದಾಗ ಶಾಹುಲ್ ಹಮೀದ್ ಝಿಯಾದನ ತೋಳು ಬಿಟ್ಟರು.