ಬೆಳಿಗ್ಗೆ ಏಳದ ಕಂಪ್ಯೂಟರ್

ಓಸ್ವಾಲ್ಡ್ ಆ ಕಂಪ್ಯೂಟರನ್ನು ಬಹರೈನಿನಿಂದ ಇಡಿಯಾಗಿ ಕಳಿಸಲಿಲ್ಲ. ಊರಿಗೆ ಬರುವ ಸ್ನೇಹಿತರ ಪೆಟ್ಟಿಗೆಗಳಲ್ಲಿ, ಸಾಬೂನು, ಸೀರೆಗಳ ನಡುವೆ ತುಂಡು ತುಂಡಾಗಿ ಕಳಿಸಿದ. ಎಂಬತ್ತೇಳನೆಯ ಇಸವಿಯ ನವೆಂಬರ್ ಮುಗಿಯುವ ಹೊತ್ತಿಗೆ ಎಲ್ಲವೂ ಕಾಪು ಪೇಟೆಯಲ್ಲಿ ಅವನ ತಂಗಿ ಝೀಟಾಳ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಜಿನ ಮೇಲೆ ಬಂದು ಸೇರಿತು. ಝೀಟಾ ನನ್ನ ಅಕ್ಕನ ಮಗಳು; ಊರಿಗೆ ಟೀಚರ್ ಆದ ನಾನು ಅವಳಿಗೆ ಮೌಶಿ. ಉಡುಪಿಯ ಆಫೀಸಿನ ಕೆಲಸ ಬಿಟ್ಟು, ಬ್ಯಾಪ್ಟಿಸ್ಟನ ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಈ ಇನ್‌ಸ್ಟಿಟ್ಯೂಟ್ ತೆರೆದಿದ್ದಳು.

ಜೋಡಿಸಿದವನು ನಮ್ಮ ಸಂಬಂಧಿ ಮ್ಯಾಕ್ಸಿಮ್. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಪಾಳಿ ಮುಗಿಸಿ ಬಸ್ಸು ಹಿಡಿದು ಬಂದು, ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಕೂಡಿಸಿದ. ಸ್ವಿಚ್ ಒತ್ತಿದ ಕೂಡಲೇ ತೆರೆಯ ಮೇಲೆ ಹಸಿರು ಅಕ್ಷರ ಮೂಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೆಳಗಿನಿಂದ ಬ್ಯಾಪ್ಟಿಸ್ಟ್ ಚಹಾ ಕಳಿಸಿದ.

ಮರುದಿನ ಬೆಳಿಗ್ಗೆ ಅದು ಏಳಲಿಲ್ಲ.

ಫ್ಯಾನು ತಿರುಗುತ್ತಿತ್ತು. ಒಳಗಿನಿಂದ ಒಂದು ಉದ್ದ ಕೂಗು, ಅದರ ಹಿಂದೆ ಎರಡು ಗಿಡ್ಡ ಕೂಗು. ತೆರೆ ಮಾತ್ರ ಕಪ್ಪು. ಝೀಟಾ ಆರಿಸಿದಳು, ಹಾಕಿದಳು, ಮತ್ತೆ ಆರಿಸಿದಳು. ಮಧ್ಯಾಹ್ನ ಮ್ಯಾಕ್ಸಿಮ್ ಬಂದು ಸ್ವಿಚ್ ಒತ್ತಿದ. ತೆರೆ ಬೆಳಗಿತು.

"ಇದರಲ್ಲಿ ಎಂತ ಹಾಳಾಗಿದೆ? ಸರಿ ಉಂಟಲ್ಲ!"

"ಬೆಳಿಗ್ಗೆ ಇರಲಿಲ್ಲ ಮ್ಯಾಕ್ಸಿಮಣ್ಣ. ದೇವರಾಣೆ ಇರಲಿಲ್ಲ."

"ನಿನಗೆ ಒತ್ತಲು ಗೊತ್ತಿಲ್ಲ."

ಆ ಮೇಲೆ ದಿನವೂ ಇದೇ ಕತೆ. ಬೆಳಿಗ್ಗೆ ಝೀಟಾ ಕೂತರೆ ಕತ್ತಲು, ಮಧ್ಯಾಹ್ನ ಮ್ಯಾಕ್ಸಿಮ್ ಬಂದರೆ ಬೆಳಕು. ಅದಕ್ಕೆ ಮ್ಯಾಕ್ಸಿಮನ ಮೇಲೆ ಮನಸ್ಸಾಗಿದೆ ಎಂದು ಟೈಪಿಂಗ್ ಕಲಿಯುವ ಹುಡುಗಿಯರು ನಕ್ಕರು. "ಝೀಟಾ, ನಿನ್ನ ಮೆಷಿನಿಗೆ ಬೆಳಗ್ಗಿನ ಕಾಫಿ ಆಯಿತಾ?" ಎಂದು ಬ್ಯಾಪ್ಟಿಸ್ಟ್ ಮೆಟ್ಟಿಲ ಬುಡದಿಂದ ಕೂಗುತ್ತಿದ್ದ. ಅವಳು ನಗುತ್ತಿರಲಿಲ್ಲ. ರಾತ್ರಿಯಾದರೆ ಉಪ್ಪು ಗಾಳಿ, ಕಳ್ಳರ ಭಯ ಎಂದು ಅವಳು ಒಳಗಿನ ಕಾರ್ಡುಗಳನ್ನೆಲ್ಲ ಬಿಚ್ಚಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಿದ್ದಳು. ಬೆಳಿಗ್ಗೆ ತಂದು ಒಂದೊಂದನ್ನೇ ಅದರ ಸ್ಲಾಟಿಗೆ ಒತ್ತಿ ಕೂರಿಸುತ್ತಿದ್ದಳು. ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ.

ಅವಳ ಅವಸರಕ್ಕೆ ಕಾರಣವಿತ್ತು. ಹತ್ತಿರದ ಕಾನ್ವೆಂಟ್ ಶಾಲೆಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ವೆರೊನಿಕಾ ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿಯರನ್ನು ಕಂಪ್ಯೂಟರ್ ಕಲಿಯಲು ಕಳಿಸುವವರಿದ್ದರು. ಉಡುಪಿಯ ಒಂದು ಹೊಸ ಸೆಂಟರಿಗೋ, ಝೀಟಾಳಲ್ಲಿಗೋ ಎಂಬುದು ತೀರ್ಮಾನವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಬರೀ ಟೈಪಿಂಗ್ ಕಲಿಯಲು ಬರುವವರು ಆಗಲೇ ಕಡಿಮೆಯಾಗಿದ್ದರು. ಸಿಸ್ಟರ್ ಉಡುಪಿ ಎಂದರೆ, ಮಾಳಿಗೆ ಖಾಲಿ ಮಾಡಿ ಮತ್ತೆ ಆಫೀಸಿನ ಬಾಗಿಲು ತಟ್ಟಬೇಕಿತ್ತು.

"ಮಧ್ಯಾಹ್ನ ಬನ್ನಿ ಅಂತ ಹೇಳಿದರಾಗದಾ?" ಎಂದು ನಾನು ಕೇಳಿದೆ.

"ಕ್ಲಾಸು ಬೆಳಿಗ್ಗೆಯೇ ನಡೆಯಬೇಕಲ್ಲ ಮೌಶಿ? ಮಧ್ಯಾಹ್ನದ ವರೆಗೆ ಹುಡುಗಿಯರಿಗೆ ಎಂತ ಕಲಿಸುವುದು, ಜಪಸರವಾ?"

ಮೊದಲ ಅನುಮಾನ ವೋಲ್ಟೇಜಿನ ಮೇಲೆ. ಬೆಳಿಗ್ಗೆ ಎಲ್ಲರ ತೋಟದ ಪಂಪು ಓಡುತ್ತದೆ, ಕರೆಂಟು ಸೊರಗುತ್ತದೆ ಎಂದ ಮ್ಯಾಕ್ಸಿಮ್. ನಾನು ನನ್ನ ಫ್ರಿಜ್ಜಿನ ಸ್ಟೆಬಿಲೈಜರನ್ನು ರಿಕ್ಷಾದಲ್ಲಿ ಹೊರಿಸಿಕೊಂಡು ಹೋಗಿ ಕೊಟ್ಟೆ. ಆ ದಿನಗಳಲ್ಲಿ ಬ್ಯಾಪ್ಟಿಸ್ಟ್ ಬೆಳಿಗ್ಗೆ ಕೆಂಡದ ಇಸ್ತ್ರಿಪೆಟ್ಟಿಗೆಗೆ ಗಾಳಿ ಹಾಕುತ್ತಾ ಕೂತಿರುವುದನ್ನು ಕಂಡೆ. ಕರೆಂಟಿನ ಇಸ್ತ್ರಿ ಬಟ್ಟೆ ಸುತ್ತಿ ಕಪಾಟಿನ ಮೇಲಿತ್ತು. "ಅದು ಕೆಟ್ಟಿದೆಯಾ?" ಎಂದೆ. "ಇಲ್ಲ ಟೀಚರ್. ಮೇಲೆ ಅದು ಏಳುವ ತನಕ ಇದು ಮಲಗಲಿ," ಎಂದ. ಝೀಟಾಳಿಗೆ ಅದು ಗೊತ್ತಿರಲಿಲ್ಲ. ಅವಳಿಗೆ ಅವನ ಕಾಫಿಯ ಮಾತು ಮಾತ್ರ ಕೇಳಿಸುತ್ತಿತ್ತು.

ಏಳಲಿಲ್ಲ.

ಆ ಕೂಗಿನ ಅರ್ಥ ತೆರೆಯ ಕಾರ್ಡು ಸಿಕ್ಕುತ್ತಿಲ್ಲ ಎಂದು, ಅಂದ ಮ್ಯಾಕ್ಸಿಮ್. ಮಣಿಪಾಲದಿಂದ ಬೇರೆ ಕಾರ್ಡು ತಂದು ಹಾಕಿದ. ಮಧ್ಯಾಹ್ನ ಎದ್ದಿತು, ಮರುದಿನ ಬೆಳಿಗ್ಗೆ ಇಲ್ಲ. ಕಾರ್ಡನ್ನು ಕಳಚಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದ.

"ನೋಡು, ಎಣ್ಣೆ ಪಸೆ. ಜಡೆ ಮುಟ್ಟಿದ ಕೈಯಲ್ಲೇ ಇದನ್ನು ಮುಟ್ಟುತ್ತೀ."

ಪೆನ್ಸಿಲಿನ ರಬ್ಬರಿನಿಂದ ಉಜ್ಜಿ ಕೊಟ್ಟ. ಅಂದಿನಿಂದ ಝೀಟಾ ಸಾಬೂನಿನಲ್ಲಿ ಕೈ ತೊಳೆದೇ ಪೆಟ್ಟಿಗೆ ತೆರೆಯುತ್ತಿದ್ದಳು. ತಲೆಗೆ ಎಣ್ಣೆ ಹಾಕುವುದನ್ನೇ ಬಿಟ್ಟಳು. ಆದರೂ ಬೆಳಿಗ್ಗೆ ಅದೇ ಕೂಗು. ಒಂದು ದಿನ ಅವಳು ಪೆಟ್ಟಿಗೆಯ ತಲೆಗೆ ಅಂಗೈಯಿಂದ ಬಡಿದು, ತಾನೇ ಹೆದರಿ, ಅದನ್ನು ಸವರಿದಳು.

ಸಿಸ್ಟರ್ ಬರುವ ಮುನ್ನಾದಿನ, ಭಾನುವಾರ, ಇಗರ್ಜಿಯ ಮೊದಲ ಪೂಜೆ ಮುಗಿಸಿ ಮ್ಯಾಕ್ಸಿಮ್ ನೇರ ಕಾಪುವಿಗೆ ಬಂದ. ನಾನೂ ಅಲ್ಲಿದ್ದೆ. ರಜೆಯಾದ್ದರಿಂದ ಮೊದಲ ಬಾರಿಗೆ ಅವನಿಗೆ ಬೆಳಿಗ್ಗೆ ಬರಲು ಸಾಧ್ಯವಾಗಿತ್ತು. ಚಳಿಗೆ ಮಫ್ಲರ್ ಸುತ್ತಿಕೊಂಡಿದ್ದ. ಸ್ವಿಚ್ ಒತ್ತಿದ. ಒಂದು ಉದ್ದ, ಎರಡು ಗಿಡ್ಡ.

"ಓ," ಎಂದ.

"ಈಗ ಓ ಅಂತೀರಾ? ಇಷ್ಟು ದಿನ ನಾನು ಸುಳ್ಳು ಹೇಳ್ತಾ ಇದ್ದೆನಾ?"

ಮತ್ತೆ ಎಲ್ಲ ಬಿಚ್ಚಿದರು, ಎಲ್ಲ ಕೂಡಿಸಿದರು. ಸಿಟ್ಟಿನಲ್ಲಿ ಒಬ್ಬರ ಕೈ ಒಬ್ಬರು ತಳ್ಳುತ್ತಿದ್ದರು. ಕೊನೆಗೆ ಝೀಟಾ ಹಿಂದಿನ ವಯರು ನೋಡಲು ಫ್ಯಾನಿನ ಗಾಳಿಗೆ ಮುಖವಿಟ್ಟು ಬಗ್ಗಿದವಳು ಹಾಗೆಯೇ ನಿಂತಳು.

"ಮೌಶಿ, ನೀವು ತಲೆಗೆ ಎಣ್ಣೆ ಹಾಕಿದ್ದೀರಾ?"

"ಇಲ್ಲ ಮಗಾ. ಇವತ್ತು ಮಿಂದಿದ್ದೇನೆ."

"ನಾನೂ ಹಾಕಿಲ್ಲ. ಮ್ಯಾಕ್ಸಿಮಣ್ಣನಿಗೆ ಕೂದಲೇ ಇಲ್ಲ. ಹುಡುಗಿಯರಿಗೆ ರಜೆ. ಮತ್ತೆ ಈ ಕೊಬ್ಬರಿ ಎಣ್ಣೆಯ ವಾಸನೆ ಎಲ್ಲಿಂದ?"

ದಿನವೂ ಆ ಕೋಣೆ ತುಂಬ ಎಣ್ಣೆ ಹಚ್ಚಿದ ಜಡೆಗಳು. ಅಲ್ಲಿ ಆ ವಾಸನೆ ಯಾರ ಗಮನಕ್ಕೂ ಬಂದಿರಲಿಲ್ಲ. ಮ್ಯಾಕ್ಸಿಮ್ ಟಾರ್ಚ್ ಹಾಕಿ, ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಮುರಿದು ಕಾರ್ಡು ಕೂರುವ ಕಪ್ಪು ಸ್ಲಾಟಿನೊಳಗೆ ಆಡಿಸಿದ. ಕಡ್ಡಿಯ ತುದಿಯಲ್ಲಿ ಬಿಳಿಯಾಗಿ, ಬೆಣ್ಣೆಯಂತೆ ಏನೋ ಮೆತ್ತಿಕೊಂಡು ಬಂತು. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ. ಮಧ್ಯಾಹ್ನದ ಸೆಕೆಗೆ ಕರಗಿ ಕಾರ್ಡಿಗೆ ದಾರಿ ಬಿಡುತ್ತಿತ್ತು, ರಾತ್ರಿ ಮತ್ತೆ ಗಟ್ಟಿಯಾಗುತ್ತಿತ್ತು.

ಅಷ್ಟರಲ್ಲಿ ನಳಿನಾಕ್ಷಿ ಮೆಟ್ಟಿಲು ಹತ್ತಿ ಬಂದಳು. ಝೀಟಾಳ ಜೊತೆ ಟೈಪಿಂಗ್ ಕಲಿಸುವವಳು. ಅವಳ ತಂದೆಯದು ಉಚ್ಚಿಲದಲ್ಲಿ ಮೀನಿನ ದೋಣಿ. ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೋಗಿ, ನಾಳೆಯ ಕೆಲಸ ಚಂದ ಆಗಲಿ ಎಂದು ಬೇಡಿಕೊಂಡು, ಬಾಳೆಲೆಯಲ್ಲಿ ಪ್ರಸಾದ ತಂದಿದ್ದಳು.

"ಎಣ್ಣೆಯಾ? ನಾನೇ ಹಾಕಿದ್ದು," ಎಂದಳು ಸಂತೋಷದಿಂದ. "ಜೋಡಿಸಿದ ಸಂಜೆಯೇ, ನೀನು ಹೋದ ಮೇಲೆ ಒಮ್ಮೆ ಹಾಕಿದೆ. ಮತ್ತೆ ಶನಿವಾರ ಟೈಪ್‌ರೈಟರಿಗೆಲ್ಲ ಹಾಕುವಾಗ ಇದಕ್ಕೂ ಹಾಕ್ತೇನೆ. ಕೋಳಿಗರಿ ಅದ್ದಿ, ಒಳಗಿನ ತನಕ. ಮೆಷಿನ್ ಎಣ್ಣೆ ಕೊಳಕು ಅಲ್ವಾ? ಹಾಗೆ ಮನೆಯಲ್ಲಿ ಅಮ್ಮ ಗಾಣಕ್ಕೆ ಕೊಟ್ಟು ತೆಗೆಸಿದ್ದನ್ನು ತಂದೆ. ಕಡಲ ಬದಿಯಲ್ಲಿ ಎಣ್ಣೆ ಕಾಣದ ಕಬ್ಬಿಣ ಎಷ್ಟು ದಿನ ಬದುಕ್ತದೆ?"

ಶನಿವಾರ ಝೀಟಾ ಕಾಗದ, ರಿಬ್ಬನು ತರಲು ಉಡುಪಿಗೆ ಹೋಗುತ್ತಿದ್ದಳು. ಎಣ್ಣೆ ಹಾಕುವ ಕೆಲಸ ಯಾವತ್ತೂ ನಳಿನಾಕ್ಷಿಯದೇ.

"ಕಬ್ಬಿಣವಾ?" ಝೀಟಾ ಅವಳತ್ತ ತಿರುಗಿದಳು. "ಇದು ಟೈಪ್‌ರೈಟರ್ ಅಲ್ಲ! ನಿನ್ನ ಅಪ್ಪನ ದೋಣಿಯ ಇಂಜಿನೂ ಅಲ್ಲ! ನಾನು ಇಲ್ಲಿ ದಿನಾ ಸಾಯ್ತಾ ಇದ್ದೇನೆ, ನೀನು ಒಗ್ಗರಣೆಗೆ ಹಾಕುವ ಹಾಗೆ ಎಣ್ಣೆ ಹೊಯ್ದಿದ್ದೀ! ಒಂದು ಮಾತು ಕೇಳಲಿಕ್ಕೆ ಬಾಯಿ ಇರಲಿಲ್ಲವಾ?"

ನಳಿನಾಕ್ಷಿ ಬಾಳೆಲೆಯನ್ನು ಕಿಟಕಿಯ ದಂಡೆಯ ಮೇಲಿಟ್ಟಳು. "ಹೇಗೆ ತೆಗೆಯುವುದು ಮ್ಯಾಕ್ಸಿಮಣ್ಣ?" ಎಂದಷ್ಟೇ ಕೇಳಿದಳು. ಅವನು ಕೆಳಗೆ ಹೋಗಿ ಮದ್ದಿನಂಗಡಿಯವರನ್ನು ಮನೆಯಿಂದ ಎಬ್ಬಿಸಿ ಸ್ಪಿರಿಟ್ ತಂದ. ನಳಿನಾಕ್ಷಿ ಹಿಡಿಸೂಡಿ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಸ್ಲಾಟುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಊಟಕ್ಕೂ ಏಳಲಿಲ್ಲ. ಝೀಟಾ ಅವಳ ಕಡೆ ನೋಡಲಿಲ್ಲ. ಬೆಳಕು ಹೋಗುವ ಹೊತ್ತಿಗೆ ಯಂತ್ರ ಎದ್ದಿತು. ಆದರೆ ಅದು ಬೆಚ್ಚಗಿನ ಹೊತ್ತು. ಗೆದ್ದೆವೋ ಇಲ್ಲವೋ ಎಂದು ತಿಳಿಯಲು ಬೆಳಗ್ಗಿನ ಚಳಿಯೇ ಬರಬೇಕಿತ್ತು.

ಸೋಮವಾರ ಸಿಸ್ಟರ್ ವೆರೊನಿಕಾ ಹೇಳಿದ್ದಕ್ಕಿಂತ ಬೇಗ ಬಂದರು. ಗಟ್ಟಿ ಹೆಂಗಸು, ನಗು ಕಡಿಮೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಳಿನಾಕ್ಷಿ ಬಾಗಿಲ ಹತ್ತಿರ, ಅರ್ಧ ಹೊರಗೆ ನಿಂತಿದ್ದಳು.

ಝೀಟಾ ಸ್ವಿಚ್ ಒತ್ತಿದಳು. ಒಂದು ಉದ್ದ. ಎರಡು ಗಿಡ್ಡ.

"ಎಂತ ಹೇಳ್ತಾ ಉಂಟು ಅದು?" ಸಿಸ್ಟರ್ ಕೇಳಿದರು.

ವೋಲ್ಟೇಜ್ ಎಂದರೆ ಸಾಕಿತ್ತು. ಕಾಪುವಿನಲ್ಲಿ ಯಾರೂ ಆ ಮಾತನ್ನು ಅಲ್ಲಗಳೆಯುವುದಿಲ್ಲ. ನಳಿನಾಕ್ಷಿ ಎಂದರೂ ಸಾಕಿತ್ತು. ಝೀಟಾಳ ಕುತ್ತಿಗೆ ಕೆಂಪೇರಿದ್ದು ನನಗೆ ಕಾಣುತ್ತಿತ್ತು.

"ತೆರೆಯ ಕಾರ್ಡು ಸಿಗುವುದಿಲ್ಲ ಅಂತ ಹೇಳ್ತಾ ಉಂಟು ಸಿಸ್ಟರ್," ಎಂದಳು. "ನಾವು ಸ್ಲಾಟಿಗೆ ಎಣ್ಣೆ ಹಾಕಿದ್ದೆವು, ಟೈಪ್‌ರೈಟರಿಗೆ ಹಾಕುವ ಹಾಗೆ. ಹಾಕಬಾರದಿತ್ತು. ನಿನ್ನೆ ತೆಗೆದೆವು. ಇನ್ನೂ ಸ್ವಲ್ಪ ಉಳಿದಿರಬೇಕು."

ನಾವು ಎಂದ ಕೂಡಲೇ ನಳಿನಾಕ್ಷಿ ತಲೆಯೆತ್ತಿದಳು.

"ಅಲ್ಲಿ ಎಂತಕ್ಕೆ ನಿಂತಿದ್ದೀ? ಬಾ," ಎಂದಳು ಝೀಟಾ, ಇನ್ನೂ ಸಿಟ್ಟಿನ ಧ್ವನಿಯಲ್ಲೇ. "ನಿನ್ನ ಬೆರಳು ಸಪೂರ. ನನ್ನ ಕೈ ಹೋಗುವುದಿಲ್ಲ."

ಮುಚ್ಚಳ ತೆಗೆದರು. ನಳಿನಾಕ್ಷಿ ಕಾರ್ಡು ಕಳಚಿ, ಹತ್ತಿಯ ಕಡ್ಡಿಯನ್ನು ಸ್ಲಾಟಿನ ಮೂಲೆಯ ತನಕ ಇಳಿಸಿ ತಿರುಗಿಸಿದಳು. ಕತ್ತಲು ಕಂಡು ಸಿಸ್ಟರ್ ತಾವಾಗಿಯೇ ಮೇಜಿನ ಟಾರ್ಚ್ ಎತ್ತಿ ಹಿಡಿದರು. ಕೊನೆಯ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ಸಿಕ್ಕಿತು. ಕಾರ್ಡು ಕೂರಿಸಿ ಸ್ವಿಚ್ ಒತ್ತಿದಾಗ ಒಂದೇ ಒಂದು ಗಿಡ್ಡ ಕೂಗು ಕೇಳಿ, ಹಸಿರು ಅಕ್ಷರಗಳು ಬಂದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು.

"ಉಡುಪಿಯ ಸೆಂಟರಿನಲ್ಲಿ, ಮೆಷಿನ್ ಹಾಳಾದರೆ ಯಾರು ನೋಡ್ತಾರೆ ಅಂತ ಕೇಳಿದ್ದೆ," ಎಂದರು ಸಿಸ್ಟರ್. "ಬೆಂಗಳೂರಿನಿಂದ ಜನ ಬರಬೇಕಂತೆ." ಅವರು ಟಾರ್ಚ್ ಆರಿಸಿದರು. "ಹೊಸ ವರ್ಷದಿಂದ ನಮ್ಮ ಹುಡುಗಿಯರನ್ನು ಇಲ್ಲಿಗೆ ಕಳಿಸ್ತೇನೆ. ಆದರೆ ಬಿಚ್ಚಿ ಕೂಡಿಸುವುದನ್ನೂ ಕಲಿಸಬೇಕು. ಅದನ್ನು ಯಾರು ಕಲಿಸುವುದು?"

"ಇವಳು," ಎಂದಳು ಝೀಟಾ.

"ನನ್ನಿಂದ ಆಗದು ಮಾರಾಯ್ತಿ!"

"ಆಗ್ತದೆ. ಮೊದಲು ಕೂತುಕೋ."

ಹಾಗೆಂದು ಅವಳು ತನ್ನ ಸ್ಟೂಲನ್ನು ಕಾಲಿನಿಂದ ನಳಿನಾಕ್ಷಿಯ ಕಡೆ ದೂಡಿ, ತಾನು ನಿಂತೇ ಕಾರ್ಡಿನ ಸ್ಕ್ರೂ ಬಿಗಿ ಮಾಡತೊಡಗಿದಳು.