ಮೊದಲು ಮರ ನೋಡುವ ಟೆಶ್

ಕುದುರೆ ವೈದ್ಯೆ ಮಾರ್ಗೊ ಟೆಶ್ ಯಾರ ಹೊಲಕ್ಕೆ ಬಂದರೂ ಮೊದಲು ನೋಡುತ್ತಿದ್ದುದು ಕುದುರೆಯನ್ನಲ್ಲ, ಮರವನ್ನು. ಗೇಟಿನಲ್ಲೇ ಗಾಡಿ ನಿಲ್ಲಿಸಿ, ಬಣ್ಣಗೆಟ್ಟ ಟೋಪಿಯನ್ನು ಹಿಂದಕ್ಕೆ ತಳ್ಳಿ, ಅತ್ತಿಮರದಲ್ಲಿ ಬಾವಲಿಗಳು ಜೋತುಬಿದ್ದಿವೆಯೇ, ಅದರ ನೆರಳಲ್ಲಿ ಯಾರಾದರೂ ನೀರಿನ ತೊಟ್ಟಿ ಇಟ್ಟಿದ್ದಾರೆಯೇ ಎಂದು ಕಣ್ಣು ಕಿರಿದಾಗಿಸಿ ಪರೀಕ್ಷಿಸುವರು. ಇಟ್ಟಿದ್ದರೆ, ಕ್ವೀನ್ಸ್‌ಲೆಂಡಿನ ಆ ಉರಿಬಿಸಿಲಲ್ಲಿ ತೊಟ್ಟಿಯನ್ನು ಬಯಲಿಗೆ ಎಳೆಸಿದ ಮೇಲೆಯೇ ಮುಂದಿನ ಮಾತು. ಬಾವಲಿಯ ಮೂತ್ರದಿಂದ ಕುದುರೆಗೆ, ಕುದುರೆಯ ಜೊಲ್ಲು ನೆತ್ತರಿನಿಂದ ಮನುಷ್ಯನಿಗೆ ದಾಟಿ ಕೊಲ್ಲುವ ಹೆಂಡ್ರಾ ರೋಗದ ಸಂಗತಿಯನ್ನು ಸಂಶೋಧಕರು ಹೇಳಿ ವರ್ಷಗಳಾಗಿದ್ದವು; ನಾವು ಕೇಳಿ ತಲೆಯಾಡಿಸಿದ್ದೆವು, ಟೆಶ್ ಪಾಲಿಸಿದರು.

ಎಂದೋ ಕುದುರೆಯ ಒದೆ ತಿಂದ ಎಡಗಾಲನ್ನು ತುಸು ಎಳೆದು ನಡೆಯುವ ಅವರು ಹೆಂಡ್ರಾ ಲಸಿಕೆ ಕಾಣದ ಕುದುರೆಯ ಬಳಿ ಹೋಗುವಾಗ ಅಡಿಯಿಂದ ಮುಡಿಯವರೆಗೆ ಬಿಳಿಯ ದಿರಿಸು, ಮುಖಕವಚ, ಒಂದರ ಮೇಲೊಂದು ಕೈಗವಸು ತೊಡುವರು.

"ಚಂದ್ರಲೋಕಕ್ಕೆ ಹೊರಟ್ಯೇನೇ?" ಎಂದು ಬಾಲ್ಯದ ಗೆಳೆಯ ಕೆವ್ ಡೂಲಿ ಕೆಣಕುವನು.

"ನೀನು ಹೋಗೋ ಲೋಕಕ್ಕೆ ಹೋಗ್ಬಾರ್ದು ಅಂತ ಕಣೋ!"

ನಮ್ಮ ಕಡೆ ಕುದುರೆ ಸಾಕುವವರಿಗೊಂದು ರೂಢಿಯುಂಟು. ಮೂಗಿಗೆ ಮೂಗು ತಾಗಿಸಿ ಅದರ ಹೊಳ್ಳೆಯೊಳಗೆ ಮೆಲ್ಲಗೆ ಉಸಿರೂದುವುದು. ಕುದುರೆಗಳು ಪರಸ್ಪರ ಕ್ಷೇಮ ಕೇಳುವುದೂ ಹೀಗೆಯೇ ಅಂತೆ. ಲಸಿಕೆ ಹಾಕಿಸಲು ಇವತ್ತು ನಾಳೆ ಎನ್ನುತ್ತಲೇ ಬಂದಿದ್ದ ಕೆವ್‌ನ ಹೆಣ್ಣುಕುದುರೆ ಡಲ್ಸಿ, ಒಂದು ಬೆಳಗ್ಗೆ ಮೇವು ಮುಟ್ಟದೆ ತಲೆ ತಗ್ಗಿಸಿ ನಿಂತಿತು. ಸಂಜೆಗೆ ಮೂಗಿನಲ್ಲಿ ನೊರೆಯುಕ್ಕಿ ಸತ್ತಿತು.

"ಮೂಗಿಗೆ ಊದಿದ್ಯಾ?" ಕವಚದೊಳಗಿಂದ ಟೆಶ್ ಕೇಳಿದರು.

"ಊದ್ದೇ ಇರ್ತೀನಾ? ಸಪ್ಪಗೆ ನಿಂತಿತ್ತಲ್ಲೇ, ಪಾಪ."

ಪಕ್ಕದ ಹೊಲದಿಂದ ಓಡಿಬಂದು ಬೇಲಿಯಾಚೆ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಟೆಶ್ ಪರೀಕ್ಷೆಗೆ ಡಲ್ಸಿಯ ನೆತ್ತರು ತೆಗೆದುಕೊಂಡರು.

ಹೆಂಡ್ರಾ ಎಂದೇ ಉತ್ತರ ಬಂತು. ಮನುಷ್ಯರಿಗೆ ಇದಕ್ಕೆ ಲಸಿಕೆಯಿಲ್ಲ. ಜ್ವರ ಏರುತ್ತದೆಯೋ ಇಲ್ಲವೋ ಎಂದು ಕೆವ್ ವಾರಗಟ್ಟಲೆ ಮನೆಯಲ್ಲಿ ಕಾಯಬೇಕಾಯಿತು. ಊರು ಹೆದರಿ ಹಣ್ಣಾಯಿತು. ಕನಿಕರವುಳ್ಳವರು ಮಾಂಸದ ಕಡುಬನ್ನು ಗೇಟಿನ ಕಂಬದ ಮೇಲಿಟ್ಟು, ಗಾಡಿ ಬಂದ್ ಮಾಡದೆಯೇ ಹಿಂತಿರುಗಿದರು. ಟೆಶ್ ಬಂದರು, ಗೇಟು ದಾಟಿ, ಕವಚವಿಲ್ಲದ ಮುಖದಲ್ಲಿ, ಕಾಲೆಳೆಯುತ್ತ ನೇರ ಅಡುಗೆಮನೆಗೇ ನಡೆದರು. ಅವರ ಬೆನ್ನಿಗೆ ನಾನೂ ಒಳಹೊಕ್ಕೆ.

"ಹೊರಗೇ ನಿಲ್ಲೇ! ಸಾಯ್ಬೇಕು ಅಂತಿದೀಯಾ?" ಕೆವ್ ಕೂಗಿದ.

"ಇದು ಮನುಷ್ಯನಿಂದ ಮನುಷ್ಯನಿಗೆ ಅಂಟಿದ್ದನ್ನ ಇದುವರೆಗೆ ಯಾರೂ ಕಂಡಿಲ್ಲ. ಚಹಾಕ್ಕೆ ನೀರಿಡು."

ಅವನ ಹಣೆಯ ಮೇಲೆ ಅಂಗೈಯಿಟ್ಟರು, ತೆಗೆದು, ನಂಬಿಕೆಯಾಗದೆ ಮತ್ತೆ ಇಟ್ಟರು. ಭಯವಿರಲಿಲ್ಲವೆಂದಲ್ಲ, ಗೆಳೆಯ ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂಬ ಭಯ ಅದು. ದಿನವೂ ಬಂದರು, ದಿನವೂ ಹಣೆ ಮುಟ್ಟಿ ನೋಡಿದರು. ಜ್ವರ ಬರಲಿಲ್ಲ. ಕೆವ್ ಉಳಿದ.

ಇಂಥವರನ್ನು ನಾವು ಪುಕ್ಕಲರೆಂದು ನಗುತ್ತೇವೆ. ನಗಬೇಕಾದಲ್ಲಿ ಅಂಜಿ, ಅಂಜಬೇಕಾದಲ್ಲಿ ನಕ್ಕು, ಆಪತ್ತು ಬಂದಾಗ ಗೇಟಿನಾಚೆ ನಿಲ್ಲುವವರು ನಾವೇ. ಯಾವುದಕ್ಕೆ ಹೆದರಬೇಕೆಂದು ಬಲ್ಲವರಷ್ಟೇ, ಹಣೆ ಸುಡುತ್ತಿದೆಯೇ ಎಂದು ಮುಟ್ಟಿ ನೋಡಲು ನಮ್ಮ ಹತ್ತಿರ ಬರುತ್ತಾರೆ.