ಐವತ್ತೇಳರ ಗೆರೆ

"ಭೂತಗನ್ನಡಿ ಇದೆಯಾ?"

ಅವಳು ಹಾಗೆ ಕೇಳಿದಾಗ ಲಾರಿ ಮಾಲೀಕ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ. ರಾಜಿಪತ್ರದ ಹಾಳೆಗಳನ್ನು ಕುಟ್ಟಿ ಸಮ ಮಾಡುತ್ತಿದ್ದ ಅವನ ವಕೀಲ ಕೈ ನಿಲ್ಲಿಸಿದ. ಅವಳ ಕಡೆಯ ವಕೀಲೆ, ಅರವತ್ತು ದಾಟಿದ ಹೆಂಗಸು, ಯಾಕೆ ಏನು ಎಂದು ಕೇಳದೆ ಮೇಜಿನ ಖಾನೆ ಎಳೆದು, ಹಿಡಿಕೆ ಮುರಿದ ಭೂತಗನ್ನಡಿಯೊಂದನ್ನು ಮುಂದಕ್ಕೆ ತಳ್ಳಿದರು.

"ಏನಮ್ಮ, ಕೈರೇಖೆ ನೋಡ್ತೀಯಾ?" ಎಂದು ಮಾಲೀಕ ನಕ್ಕ.

ಅವಳ ಮುಂದೆ ಇದ್ದದ್ದು ಅಂಗೈಗಿಂತ ಸ್ವಲ್ಪ ಅಗಲದ, ಮೇಣ ಸವರಿದ ದುಂಡನೆಯ ಕಾಗದ. ಲಾರಿಯ ಮೀಟರಿನೊಳಗೆ ಕೂತು ದಿನಕ್ಕೊಂದು ಸುತ್ತು ತಿರುಗುವಂಥದ್ದು. ಉಕ್ಕಿನ ಮುಳ್ಳೊಂದು ಅದರ ಮೇಲೆ ವೇಗವನ್ನು ಗೀಚುತ್ತ ಹೋಗುತ್ತದೆ. ಅಣ್ಣನ ಬಲಗಾಲನ್ನು ತೊಡೆಯ ಮಟ್ಟಕ್ಕೆ ತೆಗೆದುಹಾಕಿದ ಲಾರಿಯ, ಅದೇ ದಿನದ ಕಾಗದ. ಗುದ್ದಿದ ಹೊತ್ತಿಗೆ ವೇಗ ಐವತ್ತೇಳು ಎಂದು ತನಿಖೆಯವರು ಬರೆದಿದ್ದರು. ಆ ರಸ್ತೆಯ ಮಿತಿ ಅರವತ್ತು. ಐವತ್ತೇಳರಲ್ಲಿ ಬರುವ ಲಾರಿ ತಿರುವಿನಿಂದ ಅಣ್ಣ ನಿಂತಿದ್ದ ಜಾಗ ಮುಟ್ಟುವುದರೊಳಗೆ ಬ್ರೇಕ್ ಹಾಕಿ ನಿಲ್ಲುತ್ತದೆ. ನಿಲ್ಲಲಿಲ್ಲವೆಂದರೆ ಆ ಮನುಷ್ಯ ಏಕಾಏಕಿ ಅಡ್ಡ ಬಂದಿರಬೇಕು. ರಾಜಿಪತ್ರದಲ್ಲಿ ಇದ್ದದ್ದೂ ಅದೇ: ಅರ್ಧ ತಪ್ಪು ಪಾದಚಾರಿಯದು, ಆದ್ದರಿಂದ ಪರಿಹಾರವೂ ಅರ್ಧ.

ನಾಲ್ಕು ತಿಂಗಳಿಂದ ಅವಳು ಆ ಐವತ್ತೇಳನ್ನು ಕೇಳಿದ್ದಳು, ಓದಿದ್ದಳು. ಕಾಗದವನ್ನು ಕಣ್ಣಾರೆ ಕಂಡದ್ದು ಇವತ್ತೇ.

ಗೆರೆ ಚಪ್ಪಟೆಯಾಗಿತ್ತು. ಸಂಜೆ ಐದೂಕಾಲರಿಂದ, ಲಾರಿ ಗುದ್ದಿದ ಆರು ಗಂಟೆಯವರೆಗೆ, ಐವತ್ತೇಳರ ಮೇಲೆ, ಸ್ಕೇಲಿಟ್ಟು ಎಳೆದಷ್ಟು ನೇರ. ಮನುಷ್ಯನ ಪಾದ ಅಷ್ಟು ನೇರ ಗೆರೆ ಎಳೆಯುವುದಿಲ್ಲ.

"ನಂಗೆ ಒಂದು ದಿನ ಬೇಕು," ಎಂದಳು. "ಇದರ ಫೋಟೋ ತಗೋತೀನಿ."

"ಇನ್ನೊಂದು ದಿನವಾ?" ಮಾಲೀಕ ಮುಚ್ಚಳವನ್ನು ಟಪ್ಪೆಂದು ಹಾಕಿದ. "ನಾಳೆ ಸಂಜೆ ಐದು ಗಂಟೆ. ಆಮೇಲೆ ನಮ್ಮನೆ ಬಾಗಿಲಿಗೆ ಬಂದು ನಿಂತ್ಕೋಬೇಡಿ."

ಅವಳು ಅವನ ಮುಖವನ್ನು ನೋಡಿದಳು. ಆಸ್ಪತ್ರೆಯಲ್ಲಿ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು, ವಾರ್ಡಿಗೆಲ್ಲ ಕೇಳುವ ಹಾಗೆ, "ಸಂಜೆ ಹೊತ್ತು ಸ್ವಲ್ಪ ಏರಿಸಿರ್ತಾರೆ, ನಮಗೂ ಗೊತ್ತಾಗುತ್ತೆ," ಎಂದ ಮುಖ ಅದು. ಜೀವಮಾನದಲ್ಲಿ ಬಾಟಲಿ ಮುಟ್ಟದ ಅಣ್ಣ ಆಗ ಅರೆಪ್ರಜ್ಞೆಯಲ್ಲಿದ್ದ. ಒಂದೇ ವಾರದಲ್ಲಿ ಮಾತು ಅವನ ಕ್ಷೌರದ ಅಂಗಡಿಯ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಕುಡಿದವನ ಕೈಗೆ ಕತ್ತು ಕೊಡುವವರು ಯಾರು? ಅವಳು ಅದನ್ನು ಮರೆತಿರಲಿಲ್ಲ. ಮರೆಯದಂತೆ ದಿನಾ ಎಚ್ಚರ ವಹಿಸಿದ್ದಳು.

ಅವಳು ಹಾಲಿನ ಕಾರ್ಖಾನೆಯಲ್ಲಿ ಉಪಕರಣಗಳ ತಂತ್ರಜ್ಞೆ. ಹಾಲು ಕಾಯಿಸುವ ಯಂತ್ರದ ತಾಪಮಾನವೂ ಇಂಥದ್ದೇ ದುಂಡು ಕಾಗದದ ಮೇಲೆ ದಾಖಲಾಗುತ್ತದೆ. ಪ್ರತಿ ಬೆಳಿಗ್ಗೆ ನಿನ್ನೆಯದನ್ನು ತೆಗೆದು ಇವತ್ತಿನದನ್ನು ಹಾಕುವುದು ಅವಳ ಮೊದಲ ಕೆಲಸ. ಏಳು ವರ್ಷದ ಹಿಂದೆ, ನೂರೈವತ್ತು ಡಿಗ್ರಿಯ ಯಂತ್ರಕ್ಕೆ ನೂರು ಡಿಗ್ರಿಯ ಕಾಗದ ಹಾಕಿಬಿಟ್ಟಿದ್ದಳು. ಮುಳ್ಳಿಗೆ ಕಾಗದದ ಮೇಲೆ ಏನು ಅಚ್ಚಾಗಿದೆ ಎಂಬುದು ಗೊತ್ತಿರುವುದಿಲ್ಲ. ಅದು ತಾನು ಏರಬೇಕಾದಷ್ಟು ಏರುತ್ತದೆ, ಅಷ್ಟೆ. ಎಪ್ಪತ್ತೆರಡು ಡಿಗ್ರಿಗೆ ಕಾದ ಹಾಲು ಕಾಗದದಲ್ಲಿ ನಲವತ್ತೆಂಟು ಎಂದು ಕಂಡಿತು. ಹಾಲು ಕಾದಿಲ್ಲವೆಂದು ನಾಲ್ಕು ಸಾವಿರ ಲೀಟರ್ ಒಳ್ಳೆಯ ಹಾಲನ್ನು ಚರಂಡಿಗೆ ಬಿಟ್ಟರು. ಅಂದಿನಿಂದ ಅಲ್ಲಿ ಎಲ್ಲರೂ ಅವಳನ್ನು ಥರ್ಮಾಮೀಟರ್ ಎಂದೇ ಕರೆಯುತ್ತಾರೆ.

ಮಧ್ಯಾಹ್ನ ಅವಳು ಕಾರ್ಖಾನೆಯ ಹಾಲಿನ ಟ್ಯಾಂಕರುಗಳ ಕಾಗದಗಳನ್ನು ಹೊರತೆಗೆದಳು. ಅವೂ ಅವಳ ಖಾನೆಯಲ್ಲೇ ಇರುತ್ತವೆ. ಒಂದನ್ನು ಲಾರಿಯ ಕಾಗದದ ಫೋಟೋದ ಪಕ್ಕದಲ್ಲಿಟ್ಟಳು. ಈಗಿನ ಲಾರಿಗಳ ಮೀಟರು ನೂರನಲವತ್ತರವರೆಗಿನದು, ಟ್ಯಾಂಕರಿನ ಕಾಗದದ ಅಂಚಿನಲ್ಲೂ ನೂರನಲವತ್ತು. ಮಾಲೀಕನ ಕಾಗದದ ಅಂಚಿನಲ್ಲಿ ನೂರು. ಲಾರಿಗಳಿಗೆ ಎಂಬತ್ತು ಮೀರದ ಹಾಗೆ ತಡೆ ಹಾಕಿರುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಗೆರೆ ಎಂಬತ್ತಕ್ಕೆ ತಾಗಿ ನೇರವಾಗುತ್ತದೆ. ನೂರನಲವತ್ತರ ಮುಳ್ಳು ಎಂಬತ್ತು ಬರೆದರೆ ನೂರರ ಕಾಗದದಲ್ಲಿ ಕಾಣುವುದು ಎಷ್ಟು? ಅವಳು ಭಾಗಿಸಿದಳು. ಐವತ್ತೇಳು, ಮೇಲೆ ಒಂದು ಚೂರು.

ಅಷ್ಟಕ್ಕೇ ಅವಳು ನಂಬಲಿಲ್ಲ. ಕಾಗದದ ಒಳಸುತ್ತಿನಲ್ಲಿ ದೂರವನ್ನು ಬರೆಯುವ ಇನ್ನೊಂದು ಮುಳ್ಳು ಇರುತ್ತದೆ, ಗರಗಸದ ಹಲ್ಲಿನ ಹಾಗೆ. ಒಂದು ಹಲ್ಲಿಗೆ ಹತ್ತು ಕಿಲೋಮೀಟರು, ಅಂಚಿನಲ್ಲಿ ಯಾವ ಅಂಕಿ ಅಚ್ಚಾಗಿದ್ದರೂ ಸರಿ. ಐದೂಕಾಲರಿಂದ ಆರರವರೆಗೆ, ಮುಕ್ಕಾಲು ಗಂಟೆ. ಐವತ್ತೇಳರಲ್ಲಿ ಓಡಿದ್ದರೆ ನಾಲ್ಕು ಹಲ್ಲು ದಾಟಿ ಸ್ವಲ್ಪ ಇರಬೇಕು. ಅವಳು ಸೂಜಿಯ ತುದಿಯಿಂದ ಎಣಿಸಿದಳು.

ಆರು.

ಮಾರನೆಯ ಬೆಳಿಗ್ಗೆ ವಕೀಲೆ ಎಲ್ಲವನ್ನೂ ಎರಡು ಸಲ ಕೇಳಿಸಿಕೊಂಡರು. "ಬೇಕಂತಲೇ ಮಾಡಿದ್ದಾ?" ಎಂದರು.

"ಗೊತ್ತಿಲ್ಲ. ಹೊಸ ಮೀಟರ್ ಹಾಕಿಸಿ, ಹಳೇ ಡಬ್ಬಿಲಿದ್ದ ಕಾಗದ ಖರ್ಚಾಗ್ಲಿ ಅಂತ ಬಳಸಿರಬಹುದು. ನನ್ನಂಥವಳೂ ಮಾಡಿದ ತಪ್ಪೇ ಅದು." ಅವಳು ಒಂದು ಕ್ಷಣ ತಡೆದಳು. "ಆದ್ರೆ ನೀವು ಬೇಕಂತಲೇ ಮಾಡಿದ್ದು ಅಂತ ಬರೀರಿ."

ಅಳೆಯದ ಅಂಕಿಯನ್ನು ಎಂದೂ ಬರೆಯದವಳು ತಾನೇ ಹೀಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಕೀಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನೋಡಮ್ಮ, ಎರಡು ದಾರಿ. ಇದನ್ನ ಅವನ ಮುಂದೆ ಇಟ್ರೆ ಇವತ್ತೇ ಪೂರ್ತಿ ಪರಿಹಾರ ಕೊಟ್ಟು ಬಾಯಿ ಮುಚ್ಚಿಸ್ತಾನೆ. ಅರ್ಧ ತಪ್ಪು ನಿಮ್ದು ಅನ್ನೋದನ್ನೂ ಹೊಡೆದುಹಾಕ್ತಾನೆ. ದೂರು ಗೀರು ಇರಬಾರದು, ಅಷ್ಟೆ. ಇಲ್ಲಾ ಕೋರ್ಟಿಗೆ ಹೋದ್ವಿ ಅನ್ನು, ಅವನು ಮುಳುಗ್ತಾನೆ. ಆದ್ರೆ ಕಾಗದವೇ ಸರಿಯಿಲ್ಲ ಅಂತ ವಿಮೆಯವರು ಕೈ ಎತ್ತೋಕೆ ನೋಡ್ತಾರೆ. ನಾಲ್ಕು ವರ್ಷವೋ ಐದೋ. ಅಲ್ಲೀವರೆಗೂ ನಿಮ್ಮಣ್ಣ ಒಂದು ಕಾಲಲ್ಲಿ ನಿಂತಿರಬೇಕು."

"ಮುಳುಗ್ಲಿ."

"ಮುಳುಗಿಸೋಕೆ ಸಹಿ ಬೇಕಾಗಿರೋದು ನಿಂದಲ್ಲ."

ವಕೀಲೆ ಆ ಕಡೆಗೆ ವಿಷಯ ಮುಟ್ಟಿಸಿ ಅರ್ಧ ಗಂಟೆಯಾಗಿರಲಿಲ್ಲ, ಮಾಲೀಕನೇ ಅವಳಿಗೆ ಫೋನ್ ಮಾಡಿದ. ಅವಳು ಬಸ್ ನಿಲ್ದಾಣದ ಬೆಂಚಿನ ಮೇಲಿದ್ದಳು.

"ತಂಗೀ," ಎಂದ. ನಿನ್ನೆ ಇಲ್ಲದ ತಂಗಿ ಇವತ್ತು ಹುಟ್ಟಿದ್ದಳು. "ಆ ಡಬ್ಬಿ ನಾನು ನೋಡೇ ಇರ್ಲಿಲ್ಲಮ್ಮ, ಸ್ಟೋರಿನವನು ಕೊಟ್ಟಿದ್ದು. ಮೂವತ್ತು ಲಾರಿಲೂ ಅದೇ ಕಾಗದ ಓಡ್ತಿದೆ. ಎಲ್ಲಾ ನಿಲ್ಲಿಸ್ಬಿಡ್ತಾರೆ. ನಿಂಗೇನು ಬೇಕು ಹೇಳು."

"ನಮ್ಮಣ್ಣ ಕುಡಿದಿದ್ನಾ?"

ಆ ಕಡೆ ಯಾರೋ ಕೆಮ್ಮಿದರು. "ಇಲ್ಲಮ್ಮ."

"ಪೂರ್ತಿ ಹೇಳಿ."

"ನಿಮ್ಮಣ್ಣ ಕುಡಿದಿರ್ಲಿಲ್ಲ."

ನಾಲ್ಕು ತಿಂಗಳಿಂದ ಕಾದಿದ್ದ ಮಾತು. ಅವಳು ಅದರ ರುಚಿಗಾಗಿ ಕಾದಳು. ಏನೂ ಬರಲಿಲ್ಲ. ಇಷ್ಟು ಸುಲಭಕ್ಕೆ ಹೇಳುವವನು ಅಷ್ಟು ಸುಲಭಕ್ಕೇ ಅಂದೂ ಹೇಳಿದ್ದ ಎನ್ನುವುದು ಮಾತ್ರ ಹೊಸದಾಗಿ ಚುಚ್ಚಿತು. ಅವನ ಮೂವತ್ತು ಲಾರಿಗಳೂ ಅಂಗಳದಲ್ಲಿ ಸಾಲಾಗಿ, ಗಾಳಿ ಇಳಿದ ಟೈರುಗಳ ಮೇಲೆ ಕೂತಿರುವುದನ್ನು ಊಹಿಸಿಕೊಂಡಳು. ಅದು ಸ್ವಲ್ಪ ಹಿತವಾಗಿತ್ತು.

ಮನೆಯಲ್ಲಿ ಅಣ್ಣ ಕಿಟಕಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ಕೆಳಮನೆಯ ಮುದುಕರ ಕೂದಲು ಕತ್ತರಿಸುತ್ತಿದ್ದ. ಈಗ ಬರುವವರು ಅವರೊಬ್ಬರೇ. ಮೊದಲೆಲ್ಲ ಅವನು ಎರಡು ಕೆನ್ನೆಗೂದಲನ್ನು ಬರೀ ಕಣ್ಣಳತೆಯಲ್ಲಿ ಸಮ ಮಾಡುತ್ತಿದ್ದ, ಕೂದಲೆಳೆ ವ್ಯತ್ಯಾಸ ಬರುತ್ತಿರಲಿಲ್ಲ. ಈ ನಾಲ್ಕು ತಿಂಗಳಿಂದ ಬಾಚಣಿಗೆಯನ್ನು ಅಡ್ಡ ಹಿಡಿದು ಅಳೆಯುತ್ತಿದ್ದ, ಮತ್ತೆ ಅಳೆಯುತ್ತಿದ್ದ.

"ಬಂದ್ಯಾ ಥರ್ಮಾಮೀಟರು? ಎಲ್ಲಿ ಸಹಿ ಹಾಕ್ಬೇಕು ಕೊಡು," ಎಂದ. "ನಂದೂ ಅರ್ಧ ತಪ್ಪಂತೆ. ಇನ್ನೊಂದು ಕಾಲಿದ್ದಿದ್ರೆ ಪೂರ್ತಿ ತಪ್ಪೇ ಆಗಿರೋದು." ಮುದುಕರು ನಗಲೋ ಬೇಡವೋ ಎಂದು ಕನ್ನಡಿಯಲ್ಲಿ ಅವಳನ್ನು ನೋಡಿದರು.

ಅವರು ಹೋದ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಎರಡು ದಾರಿಗಳನ್ನೂ ಹೇಳಿದಳು. ಅವನು ಪೂರ್ತಿ ಪರಿಹಾರದ ದಾರಿಯನ್ನೇ ಹಿಡಿಯುತ್ತಾನೆಂದು ಅವಳಿಗೆ ಖಚಿತವಿತ್ತು. ಬೇಡವೆನ್ನಲು ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದಳು.

ಅವನು ಕೇಳಿದ್ದು ಒಂದೇ. "ಎಷ್ಟು ಅಂದೆ?"

"ಎಂಬತ್ತು."

ಕತ್ತರಿ ಇನ್ನೂ ಅವನ ಬೆರಳಲ್ಲೇ ಇತ್ತು. ಅದನ್ನು ಬಿಡಿಸಿ ಬಟ್ಟೆಯ ಮೇಲಿಟ್ಟ. ಮುಖದಲ್ಲಿದ್ದ ತಮಾಷೆ, ನಾಲ್ಕು ತಿಂಗಳಿಂದ ಒಂದು ದಿನವೂ ಬಿಡದೆ ಇದ್ದದ್ದು, ಇರಲೇ ಇಲ್ಲವೆನ್ನುವ ಹಾಗೆ ಹೋಯಿತು.

"ಆಸ್ಪತ್ರೇಲಿ ನಾನೇನಂದೆ?"

ಅವಳು ಚೀಲವನ್ನು ಹೆಗಲಿನಿಂದ ಇಳಿಸಿದಳು.

"ಪ್ರಜ್ಞೆ ಬಂದ ದಿನ. ನೀನು ನೀರು ಕುಡಿಸ್ತಿದ್ದೆ. ಲಾರಿ ಎಂಬತ್ತರಲ್ಲಿತ್ತು ಕಣೇ, ನಾನು ನೋಡ್ದೆ, ಅಂದೆ. ನೀನೇನಂದೆ?"

"ಅಣ್ಣಾ, ನಾನಾಗ ಕಾಗದ ನೋಡಿರ್ಲಿಲ್ಲ..."

"ಯಂತ್ರ ಸುಳ್ಳು ಹೇಳಲ್ಲ ಅಂದೆ. ಗಾಬರೀಲಿ ಎಲ್ಲಾ ಜೋರಾಗೇ ಕಾಣುತ್ತೆ ಅಂದೆ. ಅಲ್ವಾ? ಆ ಮಾಲೀಕ ನನ್ನ ಕುಡುಕ ಅಂದ. ಅವನು ಯಾವನೋ, ಅನ್ಲಿ. ನೀನು ನನ್ನ ಕಣ್ಣೇ ಸರಿಯಿಲ್ಲ ಅಂದೆ." ಅವನು ದನಿ ಏರಿಸಲಿಲ್ಲ. "ದಿನಾ ಮಲಗಿ ಅದನ್ನೇ ಯೋಚಿಸ್ತಿದ್ದೆ. ತಿರುವಿನಿಂದ ಬಂತು, ಬಂತು, ಯಾಕೆ ನಿಲ್ಲಿಲ್ಲ? ಹಾಗಾದ್ರೆ ನಾನೇ ನುಗ್ಗಿರ್ಬೇಕು. ನನಗೇ ತಿಳೀದೆ ನಾನೇ ನುಗ್ಗಿರ್ಬೇಕು. ಸಹಿ ಹಾಕೋಕೆ ಒಪ್ಪಿದ್ದು ದುಡ್ಡಿಗೆ ಅಂದ್ಕೊಂಡ್ಯಾ?"

ಅವಳು ನೆಲವನ್ನು ನೋಡುತ್ತ ನಿಂತಳು. ಅಲ್ಲಿ ಮುದುಕರ ಬಿಳಿ ಕೂದಲು ಬಿದ್ದಿತ್ತು.

"ಊರುಗೋಲು ತಗೊಂಡು ಬಾ," ಎಂದ. "ನಿನ್ನ ಕಾರ್ಖಾನೆಯ ಸ್ಟಾಪ್‌ವಾಚನ್ನೂ ತಗೋ. ಚೀಲದಲ್ಲೇ ಇರುತ್ತಲ್ಲ."

ದೊಡ್ಡ ರಸ್ತೆಗೆ ಹೋಗಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಎರಡು ದೀಪದ ಕಂಬಗಳ ನಡುವೆ ಅವಳ ಚೀಲದಲ್ಲಿದ್ದ ಟೇಪು ಹಿಡಿಸಿ ಅಳೆಸಿದ. ಐವತ್ತು ಮೀಟರು. ಲಾರಿ ಮೊದಲ ಕಂಬ ಮುಟ್ಟುವ ಮುಂಚೆಯೇ ಅವನು ವೇಗ ಹೇಳಬೇಕು, ಅವಳು ಎರಡು ಕಂಬಗಳ ನಡುವಿನ ಹೊತ್ತು ಹಿಡಿಯಬೇಕು, ಲೆಕ್ಕ ಹಾಕಿ ಬರೆಯಬೇಕು.

"ಅರವತ್ತು," ಎಂದ ಮೊದಲನೆಯದಕ್ಕೆ.

ಮೂರು ಸೆಕೆಂಡು. ಅರವತ್ತು.

"ಎಪ್ಪತ್ತು."

ಎರಡೂವರೆ ಸೆಕೆಂಡು. "ಎಪ್ಪತ್ತೆರಡು," ಎಂದಳು.

"ಬರಿ. ಎರಡು ಹೆಚ್ಚುಕಮ್ಮಿ ಅಂತಲೂ ಬರಿ. ನನಗೆ ನಿನ್ನ ದಯೆ ಬೇಡ."

ಒಂದಾದ ಮೇಲೊಂದು ಲಾರಿ ಬಂತು. ಮರಳು, ಕಬ್ಬಿಣ, ಬರೀ ಗಾಳಿ ತುಂಬಿಕೊಂಡು ಖಾಲಿ ಓಡುವವು. ಅವನು ಹೇಳುತ್ತಿದ್ದ, ಅವಳು ಗುಂಡಿ ಒತ್ತುತ್ತಿದ್ದಳು. ಹನ್ನೊಂದು ಲಾರಿಗಳಲ್ಲಿ ಅವನ ಅತಿ ದೊಡ್ಡ ತಪ್ಪು ಮೂರು ಕಿಲೋಮೀಟರು. ಪ್ರತಿ ಸಲವೂ ಅವನು ಅವಳತ್ತ ತಿರುಗಿ, ಅವಳು ಅಂಕಿ ಹೇಳುವವರೆಗೆ ಕಾಯುತ್ತಿದ್ದ. ಬೇರೆ ಏನೂ ಅನ್ನುತ್ತಿರಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮಾಲೀಕ ಹೇಳಿದ್ದ ಐದು ಗಂಟೆಗೆ ಇನ್ನು ಹತ್ತು ನಿಮಿಷ. ಅವಳು ಚೀಲದ ಕಡೆ ಕೈ ಚಾಚಿದಳು.

"ವಾಚು ಹಿಡ್ಕೋ."

"ಅಣ್ಣಾ, ಪೂರ್ತಿ ಪರಿಹಾರ. ನಿಂಗೆ ಒಳ್ಳೇ ಕಾಲು ಹಾಕಿಸ್ಬಹುದು. ಅಂಗಡಿ..." ಬಸ್ಸಿನಲ್ಲಿ ಜೋಡಿಸಿಕೊಂಡದ್ದಕ್ಕೆ ತದ್ವಿರುದ್ಧವಾದ ಮಾತುಗಳನ್ನು ತಾನೇ ಆಡುತ್ತಿದ್ದೇನೆಂದು ಅವಳಿಗೆ ಅರ್ಧಕ್ಕೆ ಬಂದಾಗ ತಿಳಿಯಿತು.

"ಕಾಲು ನಂದು," ಎಂದ. "ಐದು ವರ್ಷ ಅಂದ್ರಾ ವಕೀಲರು? ಐದು ವರ್ಷಾನೂ ಅವನು ದಿನಾ ಬೆಳಿಗ್ಗೆ ಎದ್ದು ನನ್ನ ನೆನೆಸ್ಕೋಬೇಕು. ನಾನು ಅವನನ್ನ ನೆನೆಸ್ಕೊಂಡ ಹಾಗೆ. ಬರ್ತಿದೆ ನೋಡು."

ಆದರೆ ಬಂದ ಲಾರಿ ಊರುಗೋಲಿನ ಮನುಷ್ಯನನ್ನು ದೂರದಿಂದಲೇ ಕಂಡು ಬ್ರೇಕು ಹಾಕಿತು. ಚಾಲಕ, ತೀರ ಎಳೆಯ ಮುಖದವನು, ರಸ್ತೆ ದಾಟಿ ಎಂದು ಕೈಸನ್ನೆ ಮಾಡಿದ. ಅಣ್ಣ ಅಲ್ಲಾಡಲಿಲ್ಲ. ಚಾಲಕ ಇನ್ನೊಮ್ಮೆ ಕೈ ಬೀಸಿ, ತಲೆ ಅಲ್ಲಾಡಿಸಿಕೊಂಡು, ನಿಧಾನಕ್ಕೆ ಮುಂದೆ ಹೋದ.

"ಅದು ಲೆಕ್ಕಕ್ಕಿಲ್ಲ," ಎಂದ ಅಣ್ಣ. "ಹೊಡೆದುಹಾಕು. ನಾವು ಕಂಡ್ರೆ ಆಗಲ್ಲ."

ಹತ್ತು ಹೆಜ್ಜೆ ಹಿಂದೆ ತಗಡಿನ ಜಾಹೀರಾತು ಫಲಕವೊಂದಿತ್ತು. ಅವನು ಊರುಗೋಲು ಕುಟ್ಟುತ್ತ ಅದರ ಹಿಂದಕ್ಕೆ ಹೋಗಿ ಹೆಗಲು ಆನಿಸಿ ನಿಂತ. ಅವಳೂ ಹೋಗಿ ಪಕ್ಕದಲ್ಲಿ ನಿಂತಳು. ಫೋನು ಸುಮ್ಮನಾಗಿತ್ತು. ಊರುಗೋಲಿನ ತುದಿ ರಸ್ತೆಗೆ ಕಾಣುತ್ತಿತ್ತು. ಅವಳು ಬಗ್ಗಿ ಅದನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಳು. ತಗಡಿನ ಸಂದಿಗೆ ಕಣ್ಣಿಟ್ಟು, ಅವನು ಅವಳ ತೋಳನ್ನು ಹಿಡಿದು ಸುಮ್ಮನಿರು ಎಂದು ಅದುಮಿದ. ತಿರುವಿನ ಆಚೆ, ಇನ್ನೂ ಕಣ್ಣಿಗೆ ಬೀಳದ ಒಂದು ಎಂಜಿನ್ನಿನ ಸದ್ದು ಏರುತ್ತಿತ್ತು.